ದೀರ್ಘ ಮಾಲಿಕೆಯೋ, ಒಂಟಿ ಕಾದಂಬರಿಯೋ?

ವರ್ಷವಿಡೀ ಫ್ಯಾಂಟಸಿ ಮತ್ತು ಹದಿಹರೆಯದವರ ಕಾದಂಬರಿಗಳನ್ನು ಓದಿದ ಮೇಲೆ, ಮುಂದೆ ದೀರ್ಘ ಮಾಲಿಕೆಯನ್ನು ಹಿಡಿಯಬೇಕೇ ಅಥವಾ ಒಂದೇ ಸಂಪುಟದಲ್ಲಿ ಮುಗಿಯುವ ಕಥೆಯನ್ನೇ ಎಂದು ಕೇಳಿದ್ದೀರಿ.

ಸಮಯದ ಲೆಕ್ಕದಲ್ಲಿ ಅಂತರ ಸ್ಪಷ್ಟವಾಗಿದೆ: 1937ರ ‘ದಿ ಹಾಬಿಟ್’ ತನ್ನಷ್ಟಕ್ಕೆ ಪೂರ್ಣವಾದ ಕಥೆ, 1997ರಿಂದ 2007ರವರೆಗೆ ಪ್ರಕಟವಾದ ‘ಹ್ಯಾರಿ ಪಾಟರ್’ ಏಳು ಸಂಪುಟಗಳ ತಾಳ್ಮೆಯನ್ನು ಬೇಡುತ್ತದೆ. ಮನಸ್ಸಿನಲ್ಲಿ ಉಳಿಯುವ ವಿಷಯದಲ್ಲಿ ಮಾತ್ರ ನನ್ನ ಒಲವು ಮಾಲಿಕೆಯ ಕಡೆಗಿದೆ, ಏಕೆಂದರೆ ಪಾತ್ರಗಳು ನಮ್ಮೆದುರೇ ಬೆಳೆಯುವುದರಿಂದ ಅವರ ಒಂದೊಂದು ತಪ್ಪಿಗೂ ಹಿಂದಿನ ಸಂಪುಟಗಳ ಭಾರವಿರುತ್ತದೆ. ಆದರೆ ನಡುವೆ ತಿಂಗಳುಗಟ್ಟಲೆ ಓದು ನಿಂತರೆ ಹೆಸರುಗಳೂ ವಂಶಾವಳಿಗಳೂ (ಅವುಗಳನ್ನೇ ಸವಿಯುವವರೂ ಇದ್ದಾರೆನ್ನಿ) ಮರೆತುಹೋಗುತ್ತವೆ.

ಬಿಡುವು ತುಣುಕುತುಣುಕಾಗಿ ಸಿಗುವವರಿಗೆ, ಹೊಸ ಲೇಖಕರನ್ನು ಪರಿಚಯ ಮಾಡಿಕೊಳ್ಳುವವರಿಗೆ ಒಂಟಿ ಕಾದಂಬರಿ ಸೂಕ್ತ. ದೀರ್ಘ ರಜೆಯಿದ್ದವರು ಮಾಲಿಕೆಗೆ ಕೈಹಾಕಬಹುದು. ನಡುವೆ ತೂಗಾಡುವವರಿಗೆ, 2008ರಿಂದ 2010ರ ನಡುವೆ ಬಂದ ‘ದಿ ಹಂಗರ್ ಗೇಮ್ಸ್’ ತ್ರಿವಳಿಯಂತಹ ಮಧ್ಯಮ ಹರವಿನ ಕಥೆ ಹೊಂದುತ್ತದೆ.