ಕಂಕುಳಲ್ಲಿ ಮಗು, ಕೈಯಲ್ಲಿ ಪೆಟ್ಟಿಗೆ: ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮೂರು ದಾರಿ

ಮಗಳನ್ನು ಕರೆದುಕೊಂಡು ನಾನೊಬ್ಬಳೇ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಅವಳಿಗೆ ಹನ್ನೊಂದು ತಿಂಗಳು, ಎರಡನೆಯ ಸಲ ಹತ್ತೊಂಬತ್ತು ತಿಂಗಳು, ಮೂರನೆಯ ಸಲ ಎರಡು ವರ್ಷ ನಾಲ್ಕು ತಿಂಗಳು. ಗಂಡನಿಗೆ ಅಷ್ಟು ದಿನ ರಜೆ ಸಿಗುವುದಿಲ್ಲ. ನನಗೋ ತವರು ತಿಪಟೂರು. ಹೋದರೆ ಆರು ವಾರವಾದರೂ ಇದ್ದು ಬರಬೇಕು. ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದೆ. ಮೊದಲು ಎಮಿರೇಟ್ಸ್‌ನಲ್ಲಿ ದುಬೈ ಮೂಲಕ, ಆಮೇಲೆ ಲುಫ್ತಾನ್ಸಾದಲ್ಲಿ ನೇರವಾಗಿ, ಕೊನೆಗೆ ಎರಡು ಬಿಡಿ ಟಿಕೆಟುಗಳಲ್ಲಿ ದೆಹಲಿ ಮೂಲಕ.

ಟಿಕೆಟ್ ಕೊಳ್ಳುವಾಗ ಎಲ್ಲರೂ ಮೊದಲು ದರ ನೋಡುತ್ತಾರೆ, ಆಮೇಲೆ ಎಷ್ಟು ಕಿಲೋ ಒಯ್ಯಬಹುದು ಎಂದು ನೋಡುತ್ತಾರೆ. ಈ ಮೂರು ಪ್ರಯಾಣಗಳ ನಂತರ ನಾನು ಮೊದಲು ಲೆಕ್ಕ ಹಾಕುವುದು ಒಂದೇ ವಿಷಯ: ಈ ಮನೆಯ ಬಾಗಿಲಿನಿಂದ ಆ ಮನೆಯ ಬಾಗಿಲಿನವರೆಗೆ, ಪಕ್ಕದಲ್ಲಿ ಯಾರೂ ಇಲ್ಲದಿರುವಾಗ, ಪೆಟ್ಟಿಗೆಯನ್ನು ನಾನು ಎಷ್ಟು ಸಲ ಎತ್ತಬೇಕು? ಕಂಕುಳಲ್ಲಿ ಮಗುವಿದ್ದರೆ ಉಳಿಯುವುದು ಒಂದೇ ಕೈ. ವಿಮಾನ ಕಂಪನಿಗಳ ನಿಯಮಗಳನ್ನು ಆ ಒಂದು ಕೈಯಿಂದ ಅಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಯಮಗಳಲ್ಲಿ ಎರಡು ಪದ್ಧತಿಗಳಿವೆ, ಅವುಗಳ ವ್ಯತ್ಯಾಸ ತಿಳಿಯದೆ ಪೆಟ್ಟಿಗೆ ಕಟ್ಟಲು ಕೂರಬಾರದು. ಒಂದು ತೂಕದ ಪದ್ಧತಿ. ಟಿಕೆಟ್‌ನಲ್ಲಿ '30 ಕೆ' ಎಂದಿದ್ದರೆ ಒಟ್ಟು ಮೂವತ್ತು ಕಿಲೋ. ಅದನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿದರೂ ಸರಿ, ಎರಡರಲ್ಲಿ ಹಂಚಿದರೂ ಸರಿ, ಒಂದೊಂದು ಪೆಟ್ಟಿಗೆ 32 ಕಿಲೋ ಮೀರದಿದ್ದರಾಯಿತು. ಇನ್ನೊಂದು ಎಣಿಕೆಯ ಪದ್ಧತಿ. '1 ಪಿಸಿ' ಎಂದಿದ್ದರೆ ಒಂದೇ ಪೆಟ್ಟಿಗೆ, ಎಕಾನಮಿಯಲ್ಲಿ ಸಾಮಾನ್ಯವಾಗಿ 23 ಕಿಲೋ. ಇಲ್ಲಿ ಒಂದರ ಭಾರವನ್ನು ಇನ್ನೊಂದರ ಖಾತೆಗೆ ಹಾಕಲು ಬರುವುದಿಲ್ಲ. ಎರಡು ಪೆಟ್ಟಿಗೆಗಳಲ್ಲಿ ಒಂದು 26, ಮತ್ತೊಂದು 20 ಇದ್ದರೆ ಒಟ್ಟು 46 ಮೀರಿಲ್ಲವಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ, ಮೂರು ಕಿಲೋ ಹೆಚ್ಚೇ. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಚಟ್ನಿಪುಡಿಯ ಪೊಟ್ಟಣವನ್ನು ಇದರಿಂದ ಅದಕ್ಕೆ ಸಾಗಿಸುತ್ತಿರುವಾಗ ಮಗು ಎಲ್ಲಿಗೆ ಓಡುತ್ತದೆಂದು ಯಾರು ನೋಡುವುದು? ಮನೆಯಲ್ಲೇ ತೂಗುವ ಕೊಕ್ಕೆ ತಕ್ಕಡಿ ಒಂಟಿ ತಾಯಿಗೆ ಅಗತ್ಯದ ವಸ್ತು. ನಾನು ಅರ್ಧ ಕಿಲೋ ಕಡಿಮೆಯೇ ಇರುವಂತೆ ಕಟ್ಟುತ್ತೇನೆ.

ದುಬೈ ದಾರಿ ತೂಕದ ಪದ್ಧತಿಯದು. ನನ್ನ ಟಿಕೆಟ್‌ನಲ್ಲಿ 30 ಕಿಲೋ ಇತ್ತು. ಎಮಿರೇಟ್ಸ್‌ನಲ್ಲಿ ಎರಡು ವರ್ಷದೊಳಗಿನ, ತನ್ನದೇ ಸೀಟಿಲ್ಲದ ಮಗುವಿಗೆ 10 ಕಿಲೋ ಕೊಡುತ್ತಾರೆ. ಒಟ್ಟು ನಲವತ್ತನ್ನು ಇಪ್ಪತ್ತರಂತೆ ಎರಡು ಪೆಟ್ಟಿಗೆ ಮಾಡಿದೆ. ಇಪ್ಪತ್ತು ಕಿಲೋದ ಪೆಟ್ಟಿಗೆಯನ್ನು ನಾನು ಒಂದೇ ಕೈಯಲ್ಲಿ, ನಿಲ್ದಾಣದಲ್ಲಿ ಸಾಮಾನು ಸುತ್ತಿ ಬರುವ ಬೆಲ್ಟ್‌ನಿಂದ ಎಳೆದುಕೊಳ್ಳಬಲ್ಲೆ, ಇಪ್ಪತ್ತಮೂರಾದರೆ ಎರಡೂ ಕೈ ಬೇಕು. ಮೂರು ಕಿಲೋದಲ್ಲಿ ಅಷ್ಟು ವ್ಯತ್ಯಾಸವಿದೆ ಎಂದು ಎಳೆದು ನೋಡಿದ ಮೇಲೆಯೇ ತಿಳಿದದ್ದು. ತೂಕದ ಪದ್ಧತಿಯನ್ನು ನಾನು ಮೆಚ್ಚುವುದು ಇದಕ್ಕೇ. ಭಾರವನ್ನು ನನ್ನ ಶಕ್ತಿಗೆ ತಕ್ಕಂತೆ ಹಂಚಿಕೊಳ್ಳುವ ಸ್ವಾತಂತ್ರ್ಯ ಅದರಲ್ಲಿದೆ. ಕೈಚೀಲ 7 ಕಿಲೋ, ಜೊತೆಗೆ ಮಗುವಿನ ಊಟ, ಡೈಪರುಗಳಿಗೆಂದು 5 ಕಿಲೋದೊಳಗಿನ ಇನ್ನೊಂದು ಚೀಲ. ಕಾಗದದ ಮೇಲೆ ಇದು ಉದಾರವಾಗಿದೆ. ಆದರೆ ಇನ್ನೊಂದು ಚೀಲವೆಂದರೆ ಹೆಗಲಿಗೆ ಇನ್ನೊಂದು ಪಟ್ಟಿ. ಹೋಗುವಾಗ ಎರಡೂ ಒಯ್ದೆ, ಬರುವಾಗ ಬೆನ್ನಿಗೆ ಹಾಕುವ ಒಂದೇ ಚೀಲಕ್ಕೆ ಇಳಿಸಿದೆ.

ಈ ದಾರಿಯ ಕಷ್ಟವಿರುವುದು ನಡುವೆ. ದೊಡ್ಡ ಪೆಟ್ಟಿಗೆಗಳು ನೇರ ಬೆಂಗಳೂರಿಗೆ ಹೋಗುತ್ತವೆ, ಅದರ ಚಿಂತೆಯಿಲ್ಲ. ಆದರೆ ಸುಮಾರು ಆರು ಗಂಟೆ ಹಾರಿ, ಆಗಷ್ಟೇ ನಿದ್ದೆಗೆ ಜಾರಿದ ಮಗುವನ್ನು ಎಬ್ಬಿಸಿ ಇಳಿದು ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕ್, ರಾಗಿ ಸರಿಯ ಡಬ್ಬಿ ಎಲ್ಲವನ್ನೂ ಮತ್ತೆ ಟ್ರೇಗೆ ಹಾಕಬೇಕು. ಮಗುವನ್ನು ಕೂರಿಸಿ ತಳ್ಳುವ ಗಾಡಿ, ಅಂದರೆ ಸ್ಟ್ರೋಲರ್, ಬೆಂಗಳೂರಿನವರೆಗೆ ಟ್ಯಾಗ್ ಆಗಿತ್ತು, ನಡುವೆ ಕೈಗೆ ಸಿಗುವಂತಿರಲಿಲ್ಲ. ದುಬೈಯಲ್ಲಿ ಪ್ರಯಾಣಿಕರಿಗೆಂದು ಇಟ್ಟಿರುವ ಉಚಿತ ಸ್ಟ್ರೋಲರ್ ಸಿಕ್ಕಿದ್ದರಿಂದ ಆ ಉದ್ದನೆಯ ಟರ್ಮಿನಲ್ ದಾಟಿದೆ. ಅದನ್ನು ನೆನೆದರೆ ಈಗಲೂ ಕೃತಜ್ಞತೆ ಉಕ್ಕುತ್ತದೆ.

ನೇರ ದಾರಿ ಎಣಿಕೆಯ ಪದ್ಧತಿಯದು. ನನಗೆ 23 ಕಿಲೋದ ಒಂದು ಪೆಟ್ಟಿಗೆ, ಮಡಿಲಲ್ಲಿ ಕೂರುವ ಮಗಳಿಗೂ 23ರ ಒಂದು ಪೆಟ್ಟಿಗೆ. ಇವಲ್ಲದೆ ಮಡಚುವ ಸ್ಟ್ರೋಲರ್ ಮತ್ತು ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು ಎರಡೂ ಉಚಿತ. ಕೈಚೀಲಕ್ಕೆ 8 ಕಿಲೋ, ಅಳತೆ 55, 40, 23 ಸೆಂಟಿಮೀಟರ್. ಮಗುವಿನ ಪಾಲು ಎಮಿರೇಟ್ಸ್‌ನಲ್ಲಿ ಹತ್ತು ಕಿಲೋ, ಇಲ್ಲಿ ಇಪ್ಪತ್ತಮೂರು. ಸಂಖ್ಯೆ ನೋಡಿ ಹಿಗ್ಗಿದೆ. ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್, ಬಾಡಿಗೆ ಕಾರಿನಲ್ಲಿ ಮಗುವಿನ ಸೀಟು ಇರುವುದಿಲ್ಲ ಎಂದು ಕಾರ್ ಸೀಟನ್ನೂ ಕಟ್ಟಿಸಿದೆ. ಎರಡು ಪೆಟ್ಟಿಗೆ, ಸೀಟು, ಸ್ಟ್ರೋಲರ್, ಬೆನ್ನಿನ ಚೀಲ, ಇವೆಲ್ಲದರ ಮೇಲೆ ಮಗಳು.

ಫ್ರಾಂಕ್‌ಫರ್ಟ್‌ನಲ್ಲಿ ಗಂಡ ಕೌಂಟರ್‌ವರೆಗೂ ಬಂದಿದ್ದರಿಂದ ಭಾರ ಗೊತ್ತಾಗಲಿಲ್ಲ. ಸುಮಾರು ಒಂಬತ್ತು ಗಂಟೆಯ ಒಂದೇ ಹಾರಾಟ, ಒಂದೇ ತಪಾಸಣೆ. ಮಗಳು ಮಧ್ಯದಲ್ಲಿ ಮೂರು ಗಂಟೆ ಎದೆಗೊರಗಿ ಮಲಗಿದಳು, ಯಾರೂ ಎಬ್ಬಿಸಲಿಲ್ಲ. ಬೆಂಗಳೂರಿನ ಬೆಲ್ಟ್ ಮುಂದೆ ನಿಂತಾಗ ಮಧ್ಯರಾತ್ರಿ ದಾಟಿತ್ತು. ಟ್ರಾಲಿ, ಸ್ಟ್ರೋಲರ್ ಎರಡನ್ನೂ ಒಟ್ಟಿಗೆ ಒಬ್ಬರೇ ತಳ್ಳಲು ಆಗುವುದಿಲ್ಲ ಎಂಬ ಸರಳ ಸತ್ಯ ಆ ಹೊತ್ತಿನಲ್ಲಿ ಹೊಳೆಯಿತು. ಮಗಳನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್‌ನಲ್ಲಿ ಕೂರಿಸಿ, ಸ್ಟ್ರೋಲರನ್ನು ಮಡಚಿ ಟ್ರಾಲಿಯ ಮೇಲಿಟ್ಟು, ಹಮಾಲಿಯೊಬ್ಬರಿಗೆ ಹಣ ಕೊಟ್ಟು ಪೆಟ್ಟಿಗೆಗಳನ್ನು ಎತ್ತಿಸಿಕೊಂಡೆ. ಕೊಟ್ಟ ಆ ಹಣಕ್ಕೆ ಒಂದು ಕ್ಷಣವೂ ಮರುಗಲಿಲ್ಲ.

ಮರಳುವಾಗ ಪಾಠ ಕಲಿತಿದ್ದೆ. ಕಾರ್ ಸೀಟನ್ನು ತಿಪಟೂರಿನ ಮನೆಯ ಅಟ್ಟದ ಮೇಲೆ ಬಿಟ್ಟು ಬಂದೆ, ಅದು ಈಗಲೂ ಅಲ್ಲೇ ಇದೆ, ಪ್ರತಿ ಸಲ ಕೆಲಸಕ್ಕೆ ಬರುತ್ತದೆ. ಎರಡು ಪೆಟ್ಟಿಗೆಗೆ ಹಕ್ಕಿದ್ದರೂ ಒಂದನ್ನೇ ತುಂಬಿದೆ. ಅಮ್ಮನಿಗೆ ಬೇಸರವಾಯಿತು. ಹಪ್ಪಳ, ಸಂಡಿಗೆ, ಸಾರಿನ ಪುಡಿ ಎಲ್ಲವನ್ನೂ ಅಳೆದು ಇಟ್ಟಿದ್ದಳು. ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿಯಿತು. ಬೆಂಗಳೂರಿನ ಎರಡನೆಯ ಟರ್ಮಿನಲ್‌ನ ಬಾಗಿಲಲ್ಲಿ ಅಪ್ಪ ನಿಂತು, "ಒಳಗೆ ಬಿಡುವುದಿಲ್ಲವಂತೆ ಕಣಮ್ಮಾ, ಹುಷಾರು" ಎಂದಾಗ, ಅಲ್ಲಿಂದ ಕೌಂಟರ್‌ವರೆಗಿನ ದೂರವನ್ನು ಒಂದೇ ಪೆಟ್ಟಿಗೆಯೊಡನೆ ನಡೆಯುವುದು ಎಷ್ಟು ಹಗುರ ಎಂದು ಅನ್ನಿಸಿತು. ನಮ್ಮಲ್ಲಿ ಟಿಕೆಟ್ ಇಲ್ಲದವರು ಟರ್ಮಿನಲ್ ಒಳಗೆ ಬರುವಂತಿಲ್ಲ; ಫ್ರಾಂಕ್‌ಫರ್ಟ್‌ನಲ್ಲಿ ಕೌಂಟರ್‌ವರೆಗೆ ಮನೆಯವರು ಬರಬಹುದು. ಆದ್ದರಿಂದ ಹೋಗುವಾಗಿನ ಲೆಕ್ಕವೇ ಬೇರೆ, ಬರುವಾಗಿನ ಲೆಕ್ಕವೇ ಬೇರೆ.

ಮೂರನೆಯದು ದೆಹಲಿ ದಾರಿ. ಆ ಕಂಪನಿಗಳ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಫ್ರಾಂಕ್‌ಫರ್ಟ್‌ನಿಂದ ದೆಹಲಿಗೆ ಒಂದು ಟಿಕೆಟ್, ದೆಹಲಿಯಿಂದ ಬೆಂಗಳೂರಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಕೊಂಡಿದ್ದೆ, ದರ ಗಣನೀಯವಾಗಿ ಕಡಿಮೆ ಇತ್ತು. ಮಗಳಿಗೆ ಎರಡು ವರ್ಷ ದಾಟಿದ್ದರಿಂದ ಅವಳಿಗೂ ಸ್ವಂತ ಸೀಟು, ಸ್ವಂತ ಪೆಟ್ಟಿಗೆ. ಇಬ್ಬರಿಗೂ ಸೇರಿ 46 ಕಿಲೋ. ದೇಶದೊಳಗಿನ ವಿಮಾನದಲ್ಲಿ ತಲೆಗೆ 15 ಕಿಲೋ ಮಾತ್ರ, ಇಬ್ಬರಿಗೂ ಸೇರಿ ಮೂವತ್ತು. ಟಿಕೆಟ್ ಒಂದೇ ಆಗಿದ್ದರೆ ಹೊರದೇಶದ ಹಾರಾಟದ ಮಿತಿಯೇ ಬೆಂಗಳೂರಿನವರೆಗೂ ನಡೆಯುತ್ತಿತ್ತು. ಬಿಡಿಬಿಡಿಯಾಗಿ ಕೊಂಡಿದ್ದರಿಂದ ಹದಿನಾರು ಕಿಲೋಗೆ ಕಿಲೋ ಲೆಕ್ಕದಲ್ಲಿ ಹಣ ತೆತ್ತೆ. ಉಳಿಸಿದ್ದರಲ್ಲಿ ಹೆಚ್ಚಿನ ಪಾಲು ಅಲ್ಲೇ ಹೋಯಿತು.

ಹಣಕ್ಕಿಂತ ಕಷ್ಟವಾದದ್ದು ಎತ್ತುವುದು. ಹೊರದೇಶದಿಂದ ಬಂದು ದೇಶದೊಳಗಿನ ವಿಮಾನ ಹಿಡಿಯಲು ದೆಹಲಿಯಲ್ಲಿ ಪೆಟ್ಟಿಗೆಗಳನ್ನು ಬೆಲ್ಟ್‌ನಿಂದ ಇಳಿಸಿ, ಕಸ್ಟಮ್ಸ್ ದಾಟಿ, ಮತ್ತೊಂದು ಕೌಂಟರಿನಲ್ಲಿ ಒಪ್ಪಿಸಬೇಕಾಯಿತು. ಉಳಿದ ಎರಡು ದಾರಿಗಳಲ್ಲಿ ಹೊರಡುವಲ್ಲಿ ಒಮ್ಮೆ, ಇಳಿಯುವಲ್ಲಿ ಒಮ್ಮೆ ಎತ್ತಿದರೆ ಮುಗಿಯಿತು. ಇಲ್ಲಿ ಅದು ನಾಲ್ಕು ಸಲ. ಎರಡು ವರ್ಷದ ಮಗು ಎದೆಗೆ ಕಟ್ಟಿಕೊಳ್ಳುವ ಗಾತ್ರ ಮೀರಿರುತ್ತದೆ, ತಾನೇ ನಡೆಯುತ್ತೇನೆಂದು ಹಟ ಹಿಡಿಯುತ್ತದೆ, ನಡೆಯಲು ಬಿಟ್ಟರೆ ಬೆಲ್ಟ್‌ನ ಕಡೆಗೇ ಓಡುತ್ತದೆ. ಆ ಮುಂಜಾನೆ ನಾನು ಹೆದರಿದ್ದು ನಿಜ.

ಆ ಪ್ರಯಾಣದಲ್ಲೇ ಸ್ಟ್ರೋಲರಿನ ಮುಂದಿನ ಚಕ್ರ ಮುರಿದು ಬಂತು. ಮುಂದಿನ ವಿಮಾನದ ಅವಸರದಲ್ಲಿ ದೆಹಲಿಯಲ್ಲಿ ದೂರು ಬರೆದುಕೊಡಲಿಲ್ಲ, ಮೂರನೆಯ ದಿನ ತಿಪಟೂರಿನಿಂದ ಚಿತ್ರಗಳ ಸಮೇತ ಇಮೇಲ್ ಕಳಿಸಿದೆ. ದೇಶ ದೇಶಗಳ ನಡುವಿನ ವಿಮಾನ ಪ್ರಯಾಣದಲ್ಲಿ ಕಂಪನಿಗಳ ಹೊಣೆ ಏನೆಂದು ಹೇಳುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಾಮಾನು ಹಾಳಾಗಿದ್ದರೆ ಕೈಗೆ ಬಂದ ಏಳು ದಿನಗಳೊಳಗೆ, ತಡವಾಗಿ ಬಂದಿದ್ದರೆ ಇಪ್ಪತ್ತೊಂದು ದಿನಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ವಿಮಾನ ನಿಲ್ದಾಣದಲ್ಲೇ ಕೊಟ್ಟು ರಸೀದಿ ಪಡೆಯುವುದು ಎಲ್ಲಕ್ಕಿಂತ ಒಳ್ಳೆಯದು. ನನಗೆ ದುರಸ್ತಿಯ ಹಣ ಬಂತು, ಆದರೆ ಆರು ವಾರ ಮಗಳನ್ನು ಎತ್ತಿಕೊಂಡೇ ಓಡಾಡಿದೆ. ವಿಮಾನದ ಬಾಗಿಲಲ್ಲಿ ಕೊಟ್ಟ ಸ್ಟ್ರೋಲರ್ ಇಳಿದಾಗ ಬಾಗಿಲಲ್ಲೇ ಸಿಗುತ್ತದೆ ಎಂದೂ ನಂಬಿ ಕೂರಬಾರದು. ನನಗೆ ಒಮ್ಮೆ ಹಾಗೆ ಸಿಕ್ಕಿತು, ಉಳಿದ ಸಲವೆಲ್ಲ ಬೆಲ್ಟ್‌ಗೆ ಬಂತು. ಅಲ್ಲಿಯವರೆಗೆ ನಡೆಯಲು, ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಲು ಬಟ್ಟೆಯ ಕ್ಯಾರಿಯರ್ ಕೈಚೀಲದಲ್ಲೇ ಇರಬೇಕು.

ಪೆಟ್ಟಿಗೆಯೊಳಗೆ ಏನಿರಬೇಕು ಎಂಬುದರಲ್ಲೂ ದಾರಿಗಳ ನಡುವೆ ವ್ಯತ್ಯಾಸವಿದೆ, ಇದನ್ನು ನಮ್ಮವರು ಅರಿಯದೆ ತೊಂದರೆಗೆ ಸಿಲುಕಬಾರದು. ಗಸಗಸೆ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ. ದುಬೈ ಮೂಲಕ ಹೋಗುವುದಾದರೆ ಪಾಯಸದ ಆಸೆ ಬಿಡಬೇಕು, ಒಂದು ಚಿಕ್ಕ ಪೊಟ್ಟಣವೂ ಬೇಡ. ತುಪ್ಪ, ಪೇಡಾ, ಕುಂದಾ ಯಾವ ದಾರಿಯಲ್ಲಿ ಬಂದರೂ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಹೊರಗಿನ ಹಾಲಿನ ಪದಾರ್ಥಗಳಿಗೆ ಅಲ್ಲಿ ತಡೆಯಿದೆ. ಶಿಶುಗಳ ಹಾಲಿನ ಪುಡಿಗೆ ಮಾತ್ರ ವಿನಾಯಿತಿ. ತಿಪಟೂರಿನವಳಾದ ನನಗೆ ಹೆಚ್ಚು ನೋವು ಕೊಟ್ಟದ್ದು ಕೊಬ್ಬರಿ. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ಕೊಬ್ಬರಿ ಗಿಟುಕನ್ನು ವಿಮಾನದಲ್ಲಿ ಬಿಡುವುದಿಲ್ಲ. ಊರಿನ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬಿದ್ದಿರುವ ಕೊಬ್ಬರಿಯನ್ನು ಬಿಟ್ಟು ಬಂದು ಜರ್ಮನಿಯ ಅಂಗಡಿಯಲ್ಲಿ ಒಣ ತೆಂಗಿನ ತುರಿ ಕೊಳ್ಳುತ್ತೇನೆ.

ಮಗುವಿನ ಊಟಕ್ಕೆ ಎಲ್ಲ ಕಡೆಯೂ ಸಹಾನುಭೂತಿ ಇದೆ. ಪ್ರಯಾಣಕ್ಕೆ ಬೇಕಾದಷ್ಟು ಹಾಲು, ನೀರು, ಗಂಜಿಗೆ ಕೈಚೀಲದ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿ ಅನ್ವಯಿಸುವುದಿಲ್ಲ. ಕೇಳಿದರೆ ತೆಗೆದು ತೋರಿಸಬೇಕು ಅಷ್ಟೆ. ಭಾರತದ ನಾಗರಿಕ ವಿಮಾನಯಾನ ಭದ್ರತಾ ನಿಯಮದಲ್ಲೂ ಒಂದು ಕೈಚೀಲದ ಜೊತೆಗೆ ಒಯ್ಯಬಹುದಾದ ವಸ್ತುಗಳಲ್ಲಿ ಶಿಶುವಿನ ಹಾಲಿನ ಬಾಟಲಿ, ದಾರಿಯ ಆಹಾರ, ಶಿಶುವನ್ನು ಮಲಗಿಸುವ ಬುಟ್ಟಿ ಸೇರಿವೆ.

ಎರಡನೆಯ ಹುಟ್ಟುಹಬ್ಬದ ವಿಷಯ. ಹೋಗುವಾಗ ಎರಡರೊಳಗಿದ್ದು, ಊರಿನಲ್ಲಿರುವಾಗ ಎರಡು ತುಂಬಿದರೆ, ಮರಳುವ ಹಾರಾಟಕ್ಕೆ ಮಗುವಿಗೆ ಸ್ವಂತ ಸೀಟಿನ ಟಿಕೆಟ್ ಬೇಕು. ಮೊದಲೇ ಹೇಳಿ ಕೊಳ್ಳದಿದ್ದರೆ ಕೌಂಟರಿನಲ್ಲಿ ತಡೆಯುತ್ತಾರೆ. ದರ ಏರುತ್ತದೆ, ನಿಜ. ಆದರೆ ಒಂಬತ್ತು ಗಂಟೆ ಮಡಿಲು ಖಾಲಿಯಿರುತ್ತದೆ, ಕೈಚೀಲದ ಪಾಲೂ ಎರಡಾಗುತ್ತದೆ. ಆ ಎರಡನೆಯ ಪಾಲಿಗೆ ನಾನು ಅವಳ ಬೆನ್ನಿಗೊಂದು ಪುಟ್ಟ ಚೀಲ ಹಾಕಿದೆ, ಒಂದು ಗೊಂಬೆ ಮತ್ತು ಬಿಸ್ಕತ್ತು ಅಷ್ಟೇ ಅದರಲ್ಲಿ.

ನನ್ನ ಆಯ್ಕೆ ನೇರ ದಾರಿ. ದರ ಹೆಚ್ಚಾದರೂ, ಎಣಿಕೆಯ ಪದ್ಧತಿ ಬಿಗಿಯಾದರೂ ಅದೇ. ಹಣ ಕೈಗೆಟುಕದಿದ್ದರೆ ದುಬೈ ದಾರಿ, ಒಂದೇ ಟಿಕೆಟ್‌ನಲ್ಲಿ, ನಡುವೆ ಮೂರು ಗಂಟೆಯಾದರೂ ಬಿಡುವಿರುವಂತೆ. ಒಬ್ಬರೇ ಮಗುವಿನೊಡನೆ ಹೊರಟವರು ಬಿಡಿ ಟಿಕೆಟುಗಳನ್ನು ಕೊಳ್ಳಬಾರದು. ಮುಂದಿನ ಡಿಸೆಂಬರ್‌ಗೆ ನೇರ ಟಿಕೆಟ್ ಕೊಂಡಾಗಿದೆ. 23 ಕಿಲೋದಂತೆ ಎರಡು ಪೆಟ್ಟಿಗೆಗೆ ಅವಕಾಶವಿದೆ. ಅಮ್ಮನಿಗೆ ಫೋನ್ ಮಾಡಿ ಒಂದನ್ನೇ ತರುತ್ತೇನೆಂದು ಹೇಳಿದ್ದೇನೆ. ಹಪ್ಪಳವನ್ನು ಈ ಸಲ ಚಿಕ್ಕದಾಗಿ ಒತ್ತುತ್ತೇನೆ, ಹೆಚ್ಚು ಹಿಡಿಸುತ್ತದೆ ಎಂದಿದ್ದಾಳೆ.