ಕಾಪುವಿನ ಉಪ್ಪು ಗಾಳಿಯಲ್ಲಿ ಹಳೆ ಜಿಪ್ಸಿ: ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವನ ವಿಮರ್ಶೆ

ಹಳೆ ಮಾರುತಿ ಜಿಪ್ಸಿ ತಗೊಳ್ಳಬೇಕು ಅಂತ ವಿಚಾರಿಸುವವರು ಮೊದಲು ಕೇಳುವುದು ದೊಡ್ಡ ಟಯರ್ ಬಗ್ಗೆ. ಆಮೇಲೆ ಕಬ್ಬಿಣದ ಬಂಪರ್, ವಿಂಚ್, ಮೇಲೊಂದು ಸಾಲು ಲೈಟು. ತುಕ್ಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಕರಾವಳಿಯಲ್ಲಿ ಈ ಗಾಡಿಯನ್ನು ಕೊಲ್ಲುವುದು ಕಾಡೂ ಅಲ್ಲ, ಘಟ್ಟವೂ ಅಲ್ಲ, ನೀರು. ಹಾಗಾಗಿ ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ಹೆಚ್ಚಿನವು ಕಣ್ಣಿಗೇ ಬೀಳುವುದಿಲ್ಲ. ಫೋಟೋ ತೆಗೆಯಲು ಬರುವವರಿಗೆ ಸ್ವಲ್ಪ ನಿರಾಸೆಯಾಗಬಹುದು.

ನನ್ನದು 2007ರ ಜಿಪ್ಸಿ, ಎಂಜಿ413ಡಬ್ಲ್ಯು ಮಾದರಿ, ಗಟ್ಟಿ ಚಾವಣಿಯ ಹಾರ್ಡ್ ಟಾಪ್. ಮನೆ ಕಾಪುವಿನ ಹತ್ತಿರ, ಕಡಲಿನ ಗಾಳಿ ನೇರ ಅಂಗಳಕ್ಕೆ ಬರುವ ಜಾಗ. ತೋಟ ಕಾರ್ಕಳ ದಾಟಿ ಮಾಳದಲ್ಲಿ. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣಿನ ಏರು, ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಕಾರು ಅಲ್ಲಿಗೆ ಹೋಗುವುದು ಕಷ್ಟ. ಸುಮ್ನೆ ಶೋಕಿಗೆ ಇಟ್ಟುಕೊಂಡ ಗಾಡಿ ಅಲ್ಲ, ದುಡಿಯುವ ಗಾಡಿ.

ಜಿಪ್ಸಿ ಬಂದದ್ದು 1985ರಲ್ಲಿ, 970 ಸಿಸಿ ಎಂಜಿನ್ ಜೊತೆ. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಮಾದರಿ ಬಂತು, 2000ದ ಹೊತ್ತಿಗೆ ಅದಕ್ಕೆ ಎಂಪಿಎಫ್‌ಐ (ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ) ಸೇರಿ 80 ಬಿಎಚ್‌ಪಿ ಆಯಿತು. 2019ರಲ್ಲಿ ಜನಸಾಮಾನ್ಯರಿಗೆ ಮಾರಾಟ ನಿಂತಿತು. ಎಂಜಿನ್ ಎಸ್ಟೀಮ್ ಕಾರಿನದ್ದೇ ಕುಟುಂಬ. ಹಾಗಾಗಿ ಸ್ಪೇರ್ ಪಾರ್ಟ್ಸ್ ಹೊಸದು ಸಿಗದಿದ್ದರೂ ಗುಜರಿಯಲ್ಲಿ ಹುಡುಕಲು ದಾರಿ ಉಂಟು. ಎಂಜಿನ್ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಎಣ್ಣೆ, ಫಿಲ್ಟರ್, ಟೈಮಿಂಗ್ ಬೆಲ್ಟ್ ಸಮಯಕ್ಕೆ ಬದಲಾಯಿಸಿದರೆ ಅದರ ಪಾಡಿಗೆ ಓಡುತ್ತದೆ. ಲೀಟರಿಗೆ ಹತ್ತರ ಆಸುಪಾಸು ಕೊಡುತ್ತದೆ, ಘಟ್ಟದಲ್ಲಿ ಅದೂ ಇಲ್ಲ. ಮೈಲೇಜ್ ಲೆಕ್ಕ ಹಾಕುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ತುಕ್ಕಿನ ಕಥೆ ನೆಲದಿಂದ ಶುರು. ಜಿಪ್ಸಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅದರ ಅಡಿಗೆ ಯಾರೋ ಒಂದು ಪದರ ಫೆಲ್ಟ್ ಹಾಕಿರುತ್ತಾರೆ. ಮಳೆಗಾಲದಲ್ಲಿ ಚಪ್ಪಲಿಯಿಂದ, ಬಾಗಿಲ ರಬ್ಬರಿನ ಸಂದಿಯಿಂದ, ವಿಂಡ್‌ಶೀಲ್ಡ್ ಫ್ರೇಮಿನ ಕೆಳಗಿನಿಂದ ಇಳಿದ ನೀರನ್ನೆಲ್ಲ ಅದು ಕುಡಿದು ಹಿಡಿದುಕೊಳ್ಳುತ್ತದೆ. ಮೇಲಿಂದ ಮ್ಯಾಟ್ ಒಣಗಿದ ಹಾಗೆ ಕಾಣುತ್ತದೆ, ಅಡಿಯಲ್ಲಿ ತಗಡು ತಿಂಗಳುಗಟ್ಟಲೆ ಒದ್ದೆ. ನಾನು ಆ ಫೆಲ್ಟನ್ನು ಕಿತ್ತು ಬಿಸಾಡಿದೆ. ನೆಲದಲ್ಲಿರುವ ರಬ್ಬರ್ ಬಿರಡೆಗಳನ್ನು ಮಳೆಗಾಲದಲ್ಲಿ ತೆಗೆದೇ ಇಡುತ್ತೇನೆ, ನೀರು ಬಂದ ಹಾಗೆ ಹೋಗಲಿ ಅಂತ.

ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಅಂತ ತಿಳಿಯಲು ಸ್ಕ್ರೂಡ್ರೈವರ್ ಸಾಕು. ಬಣ್ಣ ಉಬ್ಬಿದ ಕಡೆ ತುದಿಯಿಂದ ಒತ್ತಬೇಕು. ಟಣ್ ಅಂದರೆ ಪರವಾಗಿಲ್ಲ, ಕೆರೆದು ಬಣ್ಣ ಹೊಡೆದರೆ ಆಯಿತು. ಚುಚ್ಚಿಕೊಂಡು ಒಳಗೆ ಹೋದರೆ ಆ ತಗಡು ಕತ್ತರಿಸಬೇಕು. ಚಾಲಕನ ಕಾಲಿಡುವ ಮೂಲೆ, ಹಿಂದಿನ ಚಕ್ರದ ಮೇಲಿನ ಕಮಾನು, ಬಾಡಿಯನ್ನು ಚಾಸಿಗೆ ಕೂರಿಸುವ ರಬ್ಬರಿನ ಸುತ್ತ, ಹಿಂಬಾಗಿಲ ಕೆಳಅಂಚು, ಇಷ್ಟನ್ನು ಬಿಡದೆ ನೋಡಿ. ಕೆರೆಯುವುದಕ್ಕೆ ವೈರ್ ಬ್ರಶ್ ಹಾಕಿದ ಗ್ರೈಂಡರ್, ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಅದು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ. ಇದನ್ನೆಲ್ಲ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಬೇಕು. ಮೇ ತಿಂಗಳ ಸೆಕೆಯಲ್ಲಿ ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ, ಪ್ರೈಮರ್ ಅಡಿಗೆ ಪಸೆ ಸಿಕ್ಕಿಕೊಂಡು ಬಣ್ಣ ಮತ್ತೆ ಏಳುತ್ತದೆ. ವೆಲ್ಡಿಂಗ್ ಮಾತ್ರ ನಾನು ಮಾಡುವುದಿಲ್ಲ, ಕೆಲಸ ಗೊತ್ತಿದ್ದವರನ್ನು ಕರೆಸುತ್ತೇನೆ. ಅವರು ಬರುವ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನೇ ಇಳಿಸಿ ದೂರ ಇಡಿ.

ಅಡಿಭಾಗಕ್ಕೆ ಸುಟ್ಟ ಎಂಜಿನ್ ಎಣ್ಣೆ ಹೊಡೆಯಿರಿ ಅಂತ ಹೇಳುವ ಹಿರಿಯರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ತಗಡಿಗೆ ಅದು ಸ್ವಲ್ಪ ಕಾಲ ಕೆಲಸ ಮಾಡುವುದು ಹೌದು. ಆದರೆ ಲೀಫ್ ಪ್ಲೇಟಿನ ಬುಶ್, ಬ್ರೇಕ್ ಹೋಸ್ ಎಲ್ಲ ರಬ್ಬರು. ಎಣ್ಣೆ ತಾಗಿದರೆ ಅವು ಊದಿಕೊಂಡು ಹಾಳಾಗುತ್ತವೆ. ಮಳೆ ನೀರಿನ ಜೊತೆ ಆ ಎಣ್ಣೆ ಅಂಗಳದ ಬಾವಿಯ ಕಡೆಗೇ ಹರಿಯುತ್ತದೆ ಅನ್ನುವುದು ಬೇರೆ ಮಾತು. ನಾನು ಚಾಸಿಯ ಟೊಳ್ಳಿನೊಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಮಾಡುತ್ತೇನೆ. ಇನ್ನೊಂದು ವಿಷಯ: ಬೀಚ್ ಕಡೆ ಹೋಗಿ ಬಂದರೆ ಅಡಿ ತೊಳೆಯಬೇಕು ನಿಜ, ಆದರೆ ನಿಮ್ಮ ಬಾವಿಯ ನೀರೇ ಉಪ್ಪಾಗಿದ್ದರೆ ತೊಳೆದೂ ದಂಡ.

ಈಗ ಸ್ಟಿಯರಿಂಗ್ ವಿಷಯ. ವಯಸ್ಸಾದ ಜಿಪ್ಸಿ 60-70 ಕಿಲೋಮೀಟರ್ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಹುಚ್ಚು ಹಿಡಿದ ಹಾಗೆ ಅಲ್ಲಾಡತೊಡಗುತ್ತದೆ. ಹೆದ್ದಾರಿಯಲ್ಲಿ ಒಮ್ಮೆ ಅನುಭವಿಸಿದವರಿಗೆ ಮರೆಯುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ಸ್ಟಿಯರಿಂಗ್ ಡ್ಯಾಂಪರ್ ಹೊಸದು ಹಾಕುವ ಮಾರಾಯ್ರೆ, ಸರಿ ಆಗ್ತದೆ." ಆಗುತ್ತದೆ, ಕೆಲವು ತಿಂಗಳು. ಡ್ಯಾಂಪರ್ ಅಂದರೆ ಅಲ್ಲಾಟ ತಡೆಯುವ ಶಾಕ್ ಅಬ್ಸಾರ್ಬರಿನಂಥ ಭಾಗ, ಅದು ರೋಗವನ್ನು ಮುಚ್ಚುತ್ತದೆ ಅಷ್ಟೇ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮುಂದಿನ ಆಕ್ಸಲ್ ಅಡಿಗೆ ಜಾಕ್ ಕೊಟ್ಟು ಚಕ್ರ ಎತ್ತಿ, ಸ್ಟ್ಯಾಂಡ್ ಇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೂಸ್ ಇದ್ದರೆ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಲೂಸ್ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್ನು) ಬೇರಿಂಗ್. ಎಡಕ್ಕೆ ಬಲಕ್ಕೆ ಹಿಡಿದಾಗ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿ) ನೋಡಿ. ಟಯರಿನ ಒಳಬದಿಯಲ್ಲಿ ಕಪ್ಪು ಎಣ್ಣೆ ಇಳಿದಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ, ಗೇರ್ ಎಣ್ಣೆ ನಕಲ್‌ನ (ಚಕ್ರವನ್ನು ಹಿಡಿದು ಹೊರಳುವ ಗಂಟಿನ) ಗ್ರೀಸನ್ನು ಕರಗಿಸಿಕೊಂಡು ಹೊರಗೆ ಬರುತ್ತಿದೆ ಅಂತ ಅರ್ಥ.

ಕಿಂಗ್‌ಪಿನ್ ಬೇರಿಂಗ್ ಬದಲಾಯಿಸುವಾಗ ಮೇಲಿನ ಪಿನ್ನು, ಕೆಳಗಿನ ಪಿನ್ನು ಅದಲು ಬದಲು ಆಗದ ಹಾಗೆ ಗುರುತು ಹಾಕಿಕೊಳ್ಳಿ. ಪಿನ್ ಅಡಿಯಲ್ಲಿ ಶಿಮ್ ಅನ್ನುವ ತೆಳು ಲೋಹದ ಬಿಲ್ಲೆ ಇರುತ್ತದೆ, ಅದರ ದಪ್ಪದ ಮೇಲೆ ಬಿಗಿ ನಿಂತಿರುವುದು. ಈ ಬಿಗಿಯನ್ನು ಅಳೆಯದೆ ಕೈಯಂದಾಜಿನಲ್ಲಿ ಜೋಡಿಸುವುದರಿಂದಲೇ ಎಷ್ಟೋ ಗಾಡಿಗಳಲ್ಲಿ ಅಲ್ಲಾಟ ವಾಪಸ್ ಬರುವುದು. ಅಳೆಯಲು ನಾನು ಬಳಸುವುದು ಮೀನು ತೂಗುವ ಸ್ಪ್ರಿಂಗ್ ತಕ್ಕಡಿ. ದೊಡ್ಡ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ನಿಧಾನಕ್ಕೆ ಎಳೆಯಬೇಕು. ನಕಲ್ ತಿರುಗಲು ಶುರುವಾಗುವಾಗ ಮುಳ್ಳು 1ರಿಂದ 1.8 ಕಿಲೋ ನಡುವೆ ಇರಬೇಕು. ಕಡಿಮೆ ಇದ್ದರೆ ಶಿಮ್ ತೆಗೆಯಿರಿ, ಜಾಸ್ತಿ ಇದ್ದರೆ ಸೇರಿಸಿ. ಎರಡೂ ಬದಿ ಸರಿಸುಮಾರು ಒಂದೇ ಇರಲಿ. ತಾಳ್ಮೆ ಬೇಡುವ ಕೆಲಸ, ಕೈ ಗ್ರೀಸ್‌ಮಯ. ಆದರೆ ಇದಾದ ಮೇಲೆ, ಚಕ್ರದ ಬ್ಯಾಲೆನ್ಸ್ ಕೂಡ ಸರಿ ಇದ್ದರೆ, ಹೆದ್ದಾರಿ 66ರಲ್ಲಿ 80ಕ್ಕೆ ಹೋದರೂ ಸ್ಟಿಯರಿಂಗ್ ತೆಪ್ಪಗಿರುತ್ತದೆ.

ಮಾಡಿಸಿದ ಬದಲಾವಣೆಗಳಲ್ಲಿ ಅತಿ ಅಗ್ಗದ್ದೇ ಅತಿ ಒಳ್ಳೆಯದು, ಬ್ರೀದರ್ ಪೈಪ್, ಅಂದರೆ ಆಕ್ಸಲಿನೊಳಗೆ ಗಾಳಿ ಆಡಲು ಇರುವ ಕೊಳವೆ. ಓಡಿ ಬಿಸಿಯಾದ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಳುಗಿದ್ದರೆ ಅದರ ಮೂಲಕ, ಕಟ್ಟಿದ್ದರೆ ಸೀಲಿನ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಹಾಗಾದ ಎಣ್ಣೆ ಹಾಲು ಹಾಕಿದ ಚಾದ ಹಾಗೆ ಕಾಣುತ್ತದೆ, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಗತಿ ಮುಗಿದಂತೆ. ಬ್ರೀದರಿಗೆ ಎಣ್ಣೆ ತಡೆಯುವ ಹೋಸ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿದರೆ ಆಯಿತು. ಕೆಲವು ನೂರು ರೂಪಾಯಿಯ ಕೆಲಸ. ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಹಾಕಿಸಿ ಬ್ರೀದರ್ ಮರೆತ ಗಾಡಿಗಳನ್ನು ನೋಡಿದರೆ ನಗು ಬರುತ್ತದೆ.

ಎಣ್ಣೆ ಬದಲಾಯಿಸುವಾಗ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ), ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ನಾಲ್ಕೂ ಬೇರೆ ಬೇರೆ ಅಂತ ನೆನಪಿರಲಿ. ಯಾವುದೇ ಇರಲಿ, ತುಂಬಿಸುವ ಬೋಲ್ಟ್ ಬಿಚ್ಚುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಖಾಲಿ ಮಾಡುವ ಬೋಲ್ಟಿಗೆ ಕೈ ಹಾಕಿ. ಮಳೆಗಾಲ ಮುಗಿದ ಕೂಡಲೇ ನಾಲ್ಕನ್ನೂ ಸ್ವಲ್ಪ ಸ್ವಲ್ಪ ಇಳಿಸಿ ಬಣ್ಣ ನೋಡುವುದು ನನ್ನ ಅಭ್ಯಾಸ.

ದೊಡ್ಡ ಟಯರ್ ಬಗ್ಗೆ ಕೇಳುವವರಿಗೆ ಒಂದು ಲೆಕ್ಕ. ಕಂಪನಿಯದ್ದು 205/70 ಆರ್15, ವ್ಯಾಸ 668 ಮಿಲಿಮೀಟರ್. ಎಲ್ಲರೂ ಹಾಕಿಸುವ 235/75 ಆರ್15 ಬರೋಬ್ಬರಿ 733. ಸುಮಾರು ಶೇಕಡ 10 ದೊಡ್ಡದು. ಅಂದರೆ ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ. ಇರುವ 80 ಕುದುರೆಗಳ ಮೇಲೆ ಅಷ್ಟೂ ಭಾರ, ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರ್ ಸಾಲದೆ ಒಂದಕ್ಕೆ ಇಳಿಯಬೇಕಾಗುತ್ತದೆ. ನಾನು ಕಂಪನಿ ಅಳತೆಯಲ್ಲೇ ಒಳ್ಳೆ ಹಲ್ಲಿನ ಟಯರ್ ಹಾಕಿದ್ದೇನೆ. ಮಾಳದ ಕೆಸರಿಗೆ 4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಜೊತೆ ಅದು ಸಾಕಾಗಿದೆ. ಒಣ ಡಾಂಬರಿನಲ್ಲಿ 4ಎಚ್ (ನಾಲ್ಕೂ ಚಕ್ರ ಎಳೆಯುವ ವೇಗದ ಗೇರ್) ಹಾಕಿ ಓಡಿಸುವವರೂ ಇದ್ದಾರೆ, ದಯವಿಟ್ಟು ಬೇಡ. ಇದರಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಗೇರುಗಳೇ ಒದ್ದಾಡಬೇಕಾಗುತ್ತದೆ.

ಸೀಟಿನ ಸುಖದ ಬಗ್ಗೆ ಅಮ್ಮನ ಮಾತೇ ಸಾಕು. "ಇಳಿದ ಮೇಲೆ ಸೊಂಟ ಉಂಟಾ ಇಲ್ವಾ ಅಂತ ಮುಟ್ಟಿ ನೋಡ್ಬೇಕು." ನಾಲ್ಕೂ ಕಡೆ ಲೀಫ್ ಪ್ಲೇಟ್, ಪವರ್ ಸ್ಟಿಯರಿಂಗ್ ಇಲ್ಲ, ಕಂಪನಿಯಿಂದ ಎಸಿಯೂ ಇಲ್ಲ. ಮೆತ್ತಗಾಗಲಿ ಅಂತ ಒಂದೊಂದು ಪ್ಲೇಟ್ ತೆಗೆಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪ್ಲೇಟ್ ಬಿಚ್ಚಿ ತುಕ್ಕು ತೆಗೆದು, ಬುಶ್ ಹೊಸದು ಹಾಕಿದರೆ ಅರ್ಧ ಕುಲುಕಾಟ ಕಡಿಮೆ. ಉಳಿದರ್ಧಕ್ಕೆ ಹಿಂದೆ ಎರಡು ಮೂಟೆ ಅಡಿಕೆ ಹೇರಿದರೆ ಗಾಡಿ ಸಭ್ಯವಾಗಿ ಹೋಗುತ್ತದೆ.

ಹೆಡ್‌ಲೈಟಿಗೆ ರಿಲೇ ವೈರಿಂಗ್ ಹಾಕಿಕೊಳ್ಳಿ. ಹಳೆ ಸ್ವಿಚ್ಚಿನ ಮೂಲಕ ಹೋಗಿ ಸೊರಗುವ ಕರೆಂಟು ನೇರ ಬ್ಯಾಟರಿಯಿಂದ ಬಂದರೆ ಅದೇ 55/60 ವ್ಯಾಟ್ ಬಲ್ಬು ಮಳೆಯಲ್ಲೂ ದಾರಿ ತೋರಿಸುತ್ತದೆ. ಅರ್ತ್ ಪಟ್ಟಿಗಳನ್ನು ಉಜ್ಜಿ ವ್ಯಾಸಲಿನ್ ಸವರಿ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ.

ಕಬ್ಬಿಣದ ಬಂಪರ್ ನಾನು ಹಾಕಿಲ್ಲ. ತೂಕ ಒಂದು ಕಾರಣ, ಕಾನೂನು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ವಿವರ ಬದಲಾಗುವಂತೆ ಏನೂ ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಲು ಅವಕಾಶ ಉಂಟು. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಟಿಒ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಒಂದು ಸುತ್ತು ಬರುವಾಗ ಕಂಪನಿ ಬಂಪರ್ ಇದ್ದರೆ ನೆಮ್ಮದಿ.

"ಇಷ್ಟೆಲ್ಲ ಕಷ್ಟ ಯಾಕೆ, ಮಾರುತಿಯದ್ದೇ ಹೊಸ ಜಿಮ್ನಿ ತಗೊಳ್ಳಬಹುದಲ್ವಾ?" ಅಂತ ಕೇಳಬಹುದು. ದಿನಾ ಆಫೀಸಿಗೆ ಹೋಗಲು ಬೇಕಿದ್ದರೆ ಖಂಡಿತ ಅದನ್ನೇ ತಗೊಳ್ಳಿ. ಭಾನುವಾರ ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಮಲಗಲು ಬೇಜಾರಿಲ್ಲದವರಿಗೆ ಮಾತ್ರ ಜಿಪ್ಸಿ. ಹುಡುಕುವಾಗ ಕರಾವಳಿಯ ಕೆಎ-19, ಕೆಎ-20 ನಂಬರಿನದ್ದಕ್ಕಿಂತ ಘಟ್ಟದ ಮೇಲೆ, ಹಾಸನ ಅಥವಾ ಚಿಕ್ಕಮಗಳೂರು ಕಡೆ ಓಡಿದ ಗಾಡಿ ನೋಡಿ. ಎಂಜಿನ್ ಹೊಗೆ ಹಾಕುತ್ತಿದ್ದರೂ ಚಿಂತೆಯಿಲ್ಲ, ಅದಕ್ಕೆ ಔಷಧ ಇದೆ. ಹಿಂದಿನ ಲೀಫ್ ಪ್ಲೇಟಿನ ಶ್ಯಾಕಲ್ (ಕೊಂಡಿ) ನೇತಾಡುವ ಜಾಗದಲ್ಲಿ ಚಾಸಿಗೆ ಸ್ಕ್ರೂಡ್ರೈವರ್ ಇಳಿದರೆ ಮಾತ್ರ, ರೇಟು ಎಷ್ಟೇ ಕಡಿಮೆ ಹೇಳಲಿ, ಎದ್ದು ಬನ್ನಿ.