ನೀರು ಕುಡಿದ ಫೋನ್: ಹೋಗಿದ್ದು ಬ್ಯಾಟರಿಯಾ, ಬೋರ್ಡಾ?

ನೀರಿಗೆ ಬಿದ್ದ ಫೋನ್ ಸತ್ತರೆ ಅಂಗಡಿಯಲ್ಲಿ ಸಿಗುವ ಮೊದಲ ಉತ್ತರ, "ಬ್ಯಾಟರಿ ಹೋಗಿದೆ, ಹೊಸದು ಹಾಕೋಣ." ಮನೆಯ ಹಳೆ ಆಂಡ್ರಾಯ್ಡ್ ಫೋನ್ ಮಳೆಯಲ್ಲಿ ನೆಂದಾಗ ನಮಗೂ ಇದನ್ನೇ ಹೇಳಿದರು. ದುಡ್ಡು ಕೊಡುವ ಮೊದಲು ಯುಎಸ್‌ಬಿ ಮೀಟರ್, ಮಲ್ಟಿಮೀಟರ್, ಡಿಸಿ ಪವರ್ ಸಪ್ಲೈ (ಬೇಕಾದ ವೋಲ್ಟೇಜ್ ಹೊಂದಿಸಿ ಬ್ಯಾಟರಿ ಬದಲು ಕರೆಂಟ್ ಕೊಡುವ, ಎಳೆದ ಕರೆಂಟ್ ತೋರಿಸುವ ಪೆಟ್ಟಿಗೆ) ಮೂರನ್ನೂ ಅದೇ ಫೋನಿನ ಮೇಲೆ ಪ್ರಯೋಗಿಸಿದೆ. (ನೆಂದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವ ಮಾತು ಬಿಡಿ. ಅದು ಬೇಡ ಅಂತ ಆಪಲ್ ಕಂಪನಿಯೇ ಹೇಳುತ್ತದೆ.)

ಯುಎಸ್‌ಬಿ ಮೀಟರ್ ಸುಲಭ. ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ಸಾಕು, ಫೋನ್ ಬಿಚ್ಚಬೇಕಿಲ್ಲ. 0.1 ಆಂಪಿಯರ್ ಆಸುಪಾಸು ತೋರಿಸಿತು. ಆದರೆ ಆ ಕರೆಂಟ್ ಬ್ಯಾಟರಿ ಸೇರುತ್ತಿದೆಯೋ, ಬೋರ್ಡಿನಲ್ಲಿ (ಚಿಪ್‌ಗಳೆಲ್ಲ ಕೂತಿರುವ ಒಳಗಿನ ಹಲಗೆ) ಎಲ್ಲೋ ಸೋರಿಹೋಗುತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ, ಪೂರ್ತಿ ಒಣಗದ ಫೋನಿಗೆ ಕರೆಂಟ್ ಕೊಟ್ಟರೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಮಲ್ಟಿಮೀಟರಿಗೆ ಹಿಂಬದಿ ಬಿಚ್ಚಲೇಬೇಕು. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಪರೀಕ್ಷೆಯೇ ಬೇಡ. ನಮ್ಮದು ಚಪ್ಪಟೆಯಾಗಿಯೇ ಇತ್ತು. ಕನೆಕ್ಟರ್ ಕಳಚಿ ಅಳೆದರೆ 3.8 ವೋಲ್ಟ್. ಇಷ್ಟಕ್ಕೇ ಬ್ಯಾಟರಿ ಚೆನ್ನಾಗಿದೆ ಎನ್ನುವ ಹಾಗಿಲ್ಲ. ಸುಸ್ತಾದ ಬ್ಯಾಟರಿಯೂ ಸುಮ್ನೆ ಕೂತಾಗ ಒಳ್ಳೆ ವೋಲ್ಟೇಜೇ ತೋರಿಸುತ್ತದೆ, ಕೆಲಸ ಕೊಟ್ಟಾಗ ಕುಸಿಯುತ್ತದೆ. ಅದಕ್ಕೇ 10 ಓಮ್, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಬ್ಯಾಟರಿಯ ಪ್ಲಸ್ ಮೈನಸ್ ನಡುವೆ ಕೆಲವೇ ಸೆಕೆಂಡು ಅಡ್ಡ ಹಿಡಿದೆ. ವೋಲ್ಟೇಜ್ 3.7ಕ್ಕಿಂತ ಕೆಳಗೆ ಬರಲಿಲ್ಲ, ಅಂದರೆ ಬ್ಯಾಟರಿ ಸರಿಯಿದೆ. ಇನ್ನು ನಿಮ್ಮ ಮೀಟರ್ ಸೊನ್ನೆ ತೋರಿಸಿದರೂ ಸೆಲ್ ಸತ್ತೇ ಹೋಗಿದೆ ಎಂದಲ್ಲ. ಬ್ಯಾಟರಿಯ ತಲೆಯ ಟೇಪಿನಡಿ ಪುಟ್ಟ ರಕ್ಷಣಾ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ತೀರಾ ಇಳಿದರೆ, ಶಾರ್ಟ್ ಆದರೆ ಅದೇ ಸಂಪರ್ಕ ಕಡಿದುಬಿಡುತ್ತದೆ.

ಹಾಗಾದರೆ ಬೋರ್ಡ್? ಬೋರ್ಡ್ ಕಡೆಯ ಕನೆಕ್ಟರಿಗೆ ಬೀಪ್ ಮೋಡಿನಲ್ಲಿ ಹಿಡಿದರೆ ಸದ್ದೇ ಇಲ್ಲ. ಇಲ್ಲೇ ಮಲ್ಟಿಮೀಟರ್ ದಾರಿ ತಪ್ಪಿಸುವುದು. ನೇರ ಶಾರ್ಟ್ ಇದ್ದರೆ ಮಾತ್ರ ಅದು ಕೂಗುತ್ತದೆ, ಸಣ್ಣ ಸೋರಿಕೆಗೆ ಬಾಯಿ ಬಿಡುವುದಿಲ್ಲ.

ಉತ್ತರ ಸಿಕ್ಕಿದ್ದು ಗೆಳೆಯನ ಡಿಸಿ ಸಪ್ಲೈಯಲ್ಲಿ. ಬ್ಯಾಟರಿ ಪಕ್ಕಕ್ಕಿಟ್ಟು, 4 ವೋಲ್ಟಿಗೆ ಹೊಂದಿಸಿ, ಕರೆಂಟ್ ಮಿತಿ 1 ಆಂಪಿಯರಿಗೆ ಇಟ್ಟು, ಪ್ಲಸ್ ಮೈನಸ್ ನೇರ ಬೋರ್ಡಿಗೆ ಕೊಟ್ಟೆವು. ಪವರ್ ಬಟನ್ ಒತ್ತುವ ಮೊದಲು ಕರೆಂಟ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇದು 40 ಮಿಲಿಆಂಪಿಯರ್ ಎಳೆಯುತ್ತಿತ್ತು! ಲೆಕ್ಕ ಹಾಕಿ: 3000 ಎಂಎಎಚ್ ಬ್ಯಾಟರಿಯನ್ನು ಅದು ಮೂರು ದಿನದಲ್ಲಿ ಸುಮ್ಮನೆ ಖಾಲಿ ಮಾಡುತ್ತದೆ. ಹೊಸದು ಹಾಕಿದ್ದರೂ ಅದೇ ಗತಿ, ಅಲ್ವಾ? ಚಾರ್ಜಿಂಗ್ ಐಸಿ (ಚಾರ್ಜ್ ನೋಡಿಕೊಳ್ಳುವ ಚಿಪ್) ಮೇಲಿನ ತಗಡು ಎತ್ತಿದರೆ ಅಡಿಯಲ್ಲಿ ಹಸಿರು ಕಿಲುಬು. ಸಪ್ಲೈ ತೆಗೆದು, 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ ಮತ್ತೆ ಹಾಕಿದೆವು. ಸೋರಿಕೆ ನಿಂತಿತು. ಹಳೇ ಬ್ಯಾಟರಿಯಲ್ಲೇ ಫೋನ್ ಎದ್ದಿತು.

ಸಪ್ಲೈಗೆ ಸಾವಿರಗಟ್ಟಲೆ ಕೊಡಬೇಕು, ಒಂದು ಫೋನಿಗಾಗಿ ಕೊಳ್ಳುವುದು ದಂಡ. ಕೆಲವು ಫೋನು ಬ್ಯಾಟರಿ ಕನೆಕ್ಟರಿನಲ್ಲಿ ಅದರ ಬಿಸಿ ತಿಳಿಸುವ ತಾಪಮಾನದ ಪಿನ್ ಕಾಣದೆ ಆನ್ ಕೂಡ ಆಗವು, ಆ ರಗಳೆ ಬೇರೆ. ಮನೆಗೆ ಮಲ್ಟಿಮೀಟರ್ ಸಾಕು. ಬ್ಯಾಟರಿ ಸರಿಯಿದೆ ಎಂದು ಅದರಲ್ಲೇ ಗೊತ್ತಾದರೆ, ಸಪ್ಲೈ ಇರುವ ಅಂಗಡಿ ಹುಡುಕಿ, "ಆಫ್ ಇದ್ದಾಗ ಎಷ್ಟು ಎಳೆಯುತ್ತೆ, ತೋರಿಸಿ" ಎನ್ನಿ.